ಶುಶ್ರೂಷೆಯ ಕಾಯಕವೂ ಅದರ ಸೋಪಾನಗಳೂ

(ಮಹೋತ್ಸವದ ಅಂಗವಾಗಿ ಜರುಗಿದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಉತ್ಸವಗಳಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಕುರಿತು ಉಪನ್ಯಾಸಗಳಾಗುವದು ವಾಡಿಕೆ. ಇಂದಿನ ಗೋಷ್ಠಿಗೆ ಗೊತ್ತುಮಾಡಿರುವ ವಿಷಯವಾದರೋ, ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುವವರ ಮುಂದಿನ ದಾರಿ ಯಾವದೆಂಬುದು. ಇದು ಸನ್ನಿಧಿಗೆ ತಕ್ಕ ವಿಷಯವಲ್ಲವೆಂದು ಹಿರಿಯರಲ್ಲಿ ಕೆಲವರಿಗೆ ತೋರಬಹುದು. ಆದರೆ ಪಾದಪೂಜೆಗೆಂದು ಬಂದ ತಂದೆತಾಯಿಗಳು ಮಠದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಈಗೀಗ ಇದೂ ಒಂದಾಗಿರುವದು: “ಮಗಳು ನರ್ಸಿಂಗ್ ಓದತೇನಂತ ಹಟ ಹಿಡಿದಾಳರೀ ಅಪ್ಪಾವರೆ, ಓದಿಸಬಹುದೇನ್ರಿ? ಓದಿದ ಮ್ಯಾಲೆ ಮುಂದೇನು? ಮುಪ್ಪಾಗೂತನಕ ಸೂಜಿ ಮಾಡಿಕೋತನ ಇರಬೇಕೇನ್ರಿ?” ಈ ಮಾತಿನಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಓದಿಸಬಹುದೇ ಎಂಬುದು ಸಂಕೋಚದಿಂದ ಹುಟ್ಟಿದ್ದು. ಮುಂದೇನು ಎಂಬುದು ಚಿಂತೆಯಿಂದ ಹುಟ್ಟಿದ್ದು. ಮೊದಲನೆಯದಕ್ಕೆ ಉತ್ತರವು ಸುಲಭ; ಎರಡನೆಯದು ಅಷ್ಟು ಸುಲಭವಲ್ಲ.

ಸಂಕೋಚವಾದರೂ ಯಾತಕ್ಕೆ? ದಾದಿಯಾದವಳು ಅನ್ಯರ ರಕ್ತವನ್ನು ಒರೆಸಬೇಕು, ಮಲಮೂತ್ರಗಳನ್ನು ತೆಗೆಯಬೇಕು, ಹೆರಿಗೆಯ ಕೋಣೆಯಲ್ಲಿ ನಿಲ್ಲಬೇಕು, ಹೆಣವನ್ನು ತೊಳೆದು ಬಿಳಿಯ ಬಟ್ಟೆ ಹೊದಿಸಬೇಕು, ಯಾರ ಎಂಜಲಾದರೂ ಯಾವ ಜಾತಿಯ ಮೈಯಾದರೂ ಮುಟ್ಟಬೇಕು ಎಂಬುದೇ ಆ ಸಂಕೋಚದ ಮೂಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲವೆಂದು ಬಾಲ್ಯದಿಂದ ಹೇಳಿಸಿಕೊಂಡು ಬೆಳೆದವರು ಸ್ವಲ್ಪ ನಿಂತು ವಿಚಾರ ಮಾಡಬೇಕು. ಈ ಐದೂ ಒಂದೇ ದಿನದಲ್ಲಿ ಒಂದೇ ಛಾವಣಿಯ ಕೆಳಗೆ ಎದುರಾಗುವ ಸ್ಥಳವು ಆಸ್ಪತ್ರೆಯ ವಾರ್ಡು. ಅಲ್ಲಿ ಅವುಗಳ ನಡುವೆ ಹೇಸದೆ ನಡೆದಾಡುವವಳು ದಾದಿ. ಉಪನ್ಯಾಸದಲ್ಲಿ ಸೂತಕವಿಲ್ಲವೆಂದು ತಲೆದೂಗಿ, ಕನ್ಯೆಯನ್ನು ನೋಡಹೋದಾಗ “ರಾತ್ರಿ ಪಾಳಿ ಮಾಡುವ ಹುಡುಗಿ” ಎಂದು ಮೂಗುಮುರಿಯುವದು ಯಾವ ಆಚಾರವೋ ತಿಳಿಯದು. ಈ ವಿಷಯವನ್ನು ಇಷ್ಟಕ್ಕೇ ಬಿಡಬಹುದು.

ಇನ್ನು ಚಿಂತೆಯ ಮಾತು. ಈ ಕಸಬು ಕ್ರಮಬದ್ಧವಾದ ವಿದ್ಯೆಯಾದದ್ದು ಬಹುಕಾಲದ ಹಿಂದೆ ಅಲ್ಲ. ೧೮೫೪ರಲ್ಲಿ ಕ್ರೈಮಿಯಾ ಯುದ್ಧದ ಗಾಯಾಳುಗಳಿಗಾಗಿ ಸ್ಕುಟಾರಿಯ ಸೈನ್ಯದ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲರ ಹೆಸರು ಸರ್ವಶ್ರುತವಾಗಿದೆ. ದೀಪ ಹಿಡಿದು ರಾತ್ರಿ ಸುತ್ತಾಡಿದ ಮಹಾತಾಯಿಯೆಂದು ಆಕೆಯನ್ನು ಪಠ್ಯಪುಸ್ತಕಗಳು ಕೊಂಡಾಡುವವು. ಆದರೆ ಆಕೆಯ ಹಿರಿಯ ಕೆಲಸವು ದೀಪದ್ದಲ್ಲ, ಪಾಠಶಾಲೆಯದು. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆ ತೆರೆದ ಶಾಲೆಯಿಂದ ತರಬೇತಾದವರು ಬೇರೆ ಬೇರೆ ಆಸ್ಪತ್ರೆಗಳಿಗೆ ಮೇಟ್ರನ್‌ಗಳಾಗಿ ಹೋಗಿ ಅಲ್ಲಿಯೂ ಇತರರಿಗೆ ಕಲಿಸಬೇಕೆಂಬುದು ಆಕೆಯ ಉದ್ದೇಶವಾಗಿತ್ತು. ಅಂದರೆ ಶುಶ್ರೂಷೆಯು ವಿದ್ಯೆಯಾದ ದಿನವೇ ಅದಕ್ಕೆ ಏಣಿಯೂ ಹುಟ್ಟಿತು.

ಹಿಂದುಸ್ಥಾನಕ್ಕೆ ಈ ವಿದ್ಯೆಯು ಸೈನ್ಯದ ಬೆನ್ನು ಹತ್ತಿ ಬಂದಿತು. ೧೮೮೮ರಲ್ಲಿ ಹತ್ತು ಮಂದಿ ದಾದಿಯರು ವಿಲಾಯತಿಯಿಂದ ಮುಂಬಯಿಗೆ ಬಂದಿಳಿದರು. ೧೯೦೮ರಲ್ಲಿ ತರಬೇತು ಪಡೆದ ದಾದಿಯರ ಅಖಿಲ ಭಾರತ ಸಂಘವು ಹುಟ್ಟಿತು. ಮರುವರ್ಷವೇ ವೆಲ್ಲೂರಿನಲ್ಲಿ ಐಡಾ ಸ್ಕಡ್ಡರ್ ಎಂಬ ಮಿಶನರಿ ವೈದ್ಯೆಯು ದಾದಿಯರ ಶಾಲೆಯನ್ನು ತೆರೆದರು. ಅದೇ ೧೯೦೯ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಶಿವಯೋಗಮಂದಿರವನ್ನು ಸ್ಥಾಪಿಸಿದರೆಂಬುದು ಭಕ್ತರಿಗೆ ನೆನಪಿಗೆ ಬರಬಹುದು. ೧೯೪೬ರಲ್ಲಿ ಭೋರ್ ಸಮಿತಿಯು ತನ್ನ ವರದಿಯನ್ನೊಪ್ಪಿಸಿದಾಗ ದೇಶದಲ್ಲಿ ಇದ್ದ ದಾದಿಯರು ಸುಮಾರು ೭,೦೦೦. ಎಂದರೆ ೪೩,೦೦೦ ಜನಕ್ಕೆ ಒಬ್ಬಳು. ಅದೇ ವರ್ಷ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷಾ ಪದವಿಯ ಶಿಕ್ಷಣವು ಆರಂಭವಾಯಿತು. ೧೯೪೭ರ ಕಾಯಿದೆಯಿಂದ ಭಾರತೀಯ ನರ್ಸಿಂಗ್ ಕೌನ್ಸಿಲು ರೂಪುಗೊಂಡು ದೇಶಕ್ಕೆಲ್ಲ ಒಂದೇ ಪಾಠಕ್ರಮವು ಸಾಧ್ಯವಾಯಿತು. ೧೯೫೯ರಲ್ಲಿ ದಿಲ್ಲಿಯಲ್ಲಿ ಸ್ನಾತಕೋತ್ತರ ಪದವಿಯೂ ಮೊದಲಾಯಿತು. ಹಳೆಯ ಕಾಯಿದೆಯ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ನಿಲ್ಲಿಸುವ ಕಾಯಿದೆಯು ೨೦೨೩ರಲ್ಲಿ ಅಂಗೀಕಾರವಾಗಿದೆ.

ಈ ಕಾಯಿದೆ ಕಟ್ಟಳೆಗಳಿಗಿಂತ ಹಿಂದಿನಿಂದಲೂ ಕನ್ನಡ ನಾಡಿನ ಹಳ್ಳಿಗಳಲ್ಲಿ ಸೂಲಗಿತ್ತಿಯರಿದ್ದರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಲು ಹತ್ತದೆ ಸುಮಾರು ೧೫,೦೦೦ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿಯಿದೆ. ಅವರಿಗೆ ಪದ್ಮಶ್ರೀ ಬಂದದ್ದು ೨೦೧೮ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ. ಅದೇ ವರ್ಷದ ಕೊನೆಗೆ ಅವರು ದೇಹವಿಟ್ಟರು. ಹಸ್ತಕೌಶಲವು ಅವರಲ್ಲಿ ಶಿಖರಕ್ಕೇರಿತ್ತು. ಆದರೆ ಆ ಕೌಶಲಕ್ಕೆ ಏಣಿಯೆಂಬುದು ಇರಲಿಲ್ಲ. ಈಗ ಏಣಿಯುಂಟು. ಅದರ ಮೆಟ್ಟಲುಗಳು ಸರಿಯಾಗಿವೆಯೇ ಎಂಬುದನ್ನು ನೋಡಬೇಕಾಗಿದೆ.

ವಿದ್ಯೆಯ ಮೆಟ್ಟಲುಗಳು ಸ್ಪಷ್ಟವಾಗಿಯೇ ಇವೆ. ಹನ್ನೆರಡನೆಯ ಇಯತ್ತೆಯ ತರುವಾಯ ಎರಡು ವರ್ಷಗಳ ಎ.ಎನ್.ಎಂ. ಶಿಕ್ಷಣ, ಇದು ಹೆಚ್ಚಾಗಿ ಹಳ್ಳಿಯ ಆರೋಗ್ಯಕೇಂದ್ರದ ದಾರಿ. ಮೂರು ವರ್ಷಗಳ ಜಿ.ಎನ್.ಎಂ. ಎಂಬ ಡಿಪ್ಲೊಮಾ, ಇಲ್ಲವೆ ವಿಜ್ಞಾನವನ್ನೋದಿದವರಿಗೆ ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿ, ಇವು ಆಸ್ಪತ್ರೆಯ ಬಾಗಿಲುಗಳು. ಬಡತನದಿಂದ ಡಿಪ್ಲೊಮಾಕ್ಕೆ ನಿಂತವಳು ನೌಕರಿ ಮಾಡಿ ನಾಲ್ಕು ಕಾಸು ಕೂಡಿಸಿ, ಮುಂದೆ ಎರಡು ವರ್ಷ ಓದಿ ಅದೇ ಪದವಿಯನ್ನು ಪಡೆಯಬಹುದು. ಕಟ್ಟಿದ ಬಾಗಿಲು ಇದರಲ್ಲಿ ಇಲ್ಲವೆಂಬುದೇ ಈ ವಿದ್ಯೆಯ ಗುಣ. ಪದವಿಯ ಮೇಲೆ ಎರಡು ವರ್ಷಗಳ ಎಂ.ಎಸ್‌ಸಿ., ಅದರ ಮೇಲೆ ಸಂಶೋಧನೆಯ ಡಾಕ್ಟರೇಟು. ಹೃದಯರೋಗ, ಅರ್ಬುದ, ನವಜಾತ ಶಿಶುಗಳ ಪಾಲನೆ, ಶಸ್ತ್ರಕ್ರಿಯೆಯ ಕೋಣೆ, ಮಾನಸಿಕ ರೋಗ ಇವುಗಳಲ್ಲಿ ಒಂದೊಂದಕ್ಕೂ ಒಂದು ವರ್ಷದ ಪ್ರತ್ಯೇಕ ಶಿಕ್ಷಣವುಂಟು.

ಉದ್ಯೋಗದ ಮೆಟ್ಟಲುಗಳೂ ಎಣಿಸಿ ಇಟ್ಟಂತೆ ಇವೆ. ಕೇಂದ್ರ ಸರಕಾರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಎಂಬ ಹೆಸರು ೨೦೧೬ರಲ್ಲಿ ಹೋಗಿ ನರ್ಸಿಂಗ್ ಆಫೀಸರ್ ಎಂದಾಯಿತು. ಕರ್ನಾಟಕದಲ್ಲಿಯೂ ಶುಶ್ರೂಷಾಧಿಕಾರಿ ಎಂಬ ಹೆಸರು ರೂಢಿಗೆ ಬಂದಿದೆ. ಅದರ ಮೇಲೆ ಹಿರಿಯ ಶುಶ್ರೂಷಾಧಿಕಾರಿ, ಸಹಾಯಕ ಅಧೀಕ್ಷಕಿ, ಉಪ ಅಧೀಕ್ಷಕಿ, ಅಧೀಕ್ಷಕಿ, ಎಲ್ಲಕ್ಕೂ ಮೇಲೆ ಮುಖ್ಯ ಶುಶ್ರೂಷಾಧಿಕಾರಿ. ಸೈನ್ಯದ ಶುಶ್ರೂಷಾ ಸೇವೆಯಲ್ಲಿ ಲೆಫ್ಟಿನೆಂಟಳಾಗಿ ಸೇರಿದವಳು ಮೇಜರ್ ಜನರಲ್ ಪದವಿಯ ವರೆಗೆ ಏರುವ ಅವಕಾಶವುಂಟೆಂಬುದು ಬಹುಜನರಿಗೆ ತಿಳಿಯದು. ಕಲಿಸುವ ಕಡೆಗೆ ಮನಸ್ಸುಳ್ಳವರು ನರ್ಸಿಂಗ್ ಕಾಲೇಜುಗಳಲ್ಲಿ ಉಪನ್ಯಾಸಕಿಯರೂ ಪ್ರಾಚಾರ್ಯರೂ ಆಗುವರು. ಪರದೇಶದ ದಾರಿಯೂ ತೆರೆದಿದೆ. ಕೊಲ್ಲಿಯ ದೇಶಗಳಿಗೂ ವಿಲಾಯತಿಗೂ ಜರ್ಮನಿಗೂ ಭಾರತದ ದಾದಿಯರು ಹೋಗುತ್ತಲೇ ಇರುವರು. ಆಯಾ ದೇಶದ ಭಾಷೆಯ ಪರೀಕ್ಷೆ, ಕಸಬಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಷ್ಟೆ. ಗಂಡುಮಕ್ಕಳಿಗೂ ಈ ಕಸಬು ಮುಚ್ಚಿಲ್ಲ. ಏಮ್ಸ್ ಸಂಸ್ಥೆಗಳಲ್ಲಿ ನೂರಕ್ಕೆ ಎಂಬತ್ತು ಸ್ಥಾನಗಳು ಸ್ತ್ರೀಯರಿಗೆ, ಇಪ್ಪತ್ತು ಪುರುಷರಿಗೆ ಎಂಬ ನಿಯಮವು ೨೦೧೯ರಲ್ಲಿ ಆಯಿತು.

ಇಷ್ಟೆಲ್ಲ ಇರುವಾಗ ಕೊರತೆ ಯಾವದು? ಕೊರತೆಯು ಏಣಿಯ ರಚನೆಯಲ್ಲಿಯೇ ಇದೆ. ದೃಷ್ಟಾಂತಕ್ಕಾಗಿ, ಹದಿನೈದು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದ ಒಬ್ಬ ದಾದಿಯನ್ನು ಕಲ್ಪಿಸಿಕೊಳ್ಳಬಹುದು. ಯಂತ್ರವು ಕೂಗುವದಕ್ಕಿಂತ ಮುಂಚೆಯೇ ರೋಗಿಯ ಉಸಿರಿನ ಲಯ ತಪ್ಪಿದ್ದನ್ನು ಬಾಗಿಲಲ್ಲಿ ನಿಂತೇ ಅವಳು ಅರಿಯಬಲ್ಲಳು. ಹೊಸ ವೈದ್ಯನು ಬರೆದ ಔಷಧದ ಪ್ರಮಾಣವು ಹೆಚ್ಚಾಯಿತೆಂದು ಕಂಡರೆ ಕೊಡುವ ಮುನ್ನ ನಿಂತು ಕೇಳಬಲ್ಲಳು. ಬೆನ್ನುಹುಣ್ಣು ಆಗುವ ಮೊದಲೇ ಚರ್ಮದ ಬಣ್ಣ ನೋಡಿ ರೋಗಿಯ ಮಗ್ಗಲು ತಿರುಗಿಸಬಲ್ಲಳು. ಇಂಥವಳಿಗೆ ಬಡತಿ ಬಂದಿತೆನ್ನಿರಿ. ಬಡತಿಯೆಂದರೇನು? ಅವಳನ್ನು ಹಾಸಿಗೆಯ ಬದಿಯಿಂದ ಎಬ್ಬಿಸಿ ಮೇಜಿನ ಹಿಂದೆ ಕೂರಿಸುವದು. ಪಾಳಿಯ ಪಟ್ಟಿ, ರಜೆಯ ಅರ್ಜಿ, ಬಟ್ಟೆಬರೆಯ ಲೆಕ್ಕ, ಸಲೈನು ಬಾಟಲಿಗಳ ದಾಸ್ತಾನು ಇವು ಅವಳ ಹೊಸ ಕಾಯಕ. ಅವಳ ಕೈಯಲ್ಲಿದ್ದ ವಿದ್ಯೆಯು ಅಂದಿನಿಂದ ರೋಗಿಗೆ ದೊರೆಯದು. ಅವಳ ಜಾಗಕ್ಕೆ ನಿನ್ನೆ ಶಾಲೆ ಬಿಟ್ಟ ಹುಡುಗಿ ಬಂದು ನಿಲ್ಲುವಳು. ಬಡತಿ ಬೇಡವೆಂದರೆ ಸಂಬಳವು ನಿಂತಲ್ಲೇ ನಿಲ್ಲುವದು. ಮೇಲೇರಬೇಕಾದರೆ ರೋಗಿಯನ್ನು ಬಿಡಬೇಕು; ರೋಗಿಯ ಹತ್ತಿರ ಇರಬೇಕಾದರೆ ಮೇಲೇರುವ ಆಶೆ ಬಿಡಬೇಕು. ಅಡಳಿತದ ಕೆಲಸವು ಹೀನವೆಂದಲ್ಲ. ಒಳ್ಳೆಯ ಅಧೀಕ್ಷಕಿಯಿಲ್ಲದೆ ಆಸ್ಪತ್ರೆ ನಡೆಯದು. ಆದರೆ ಎಲ್ಲರಿಗೂ ಅದೊಂದೇ ದಾರಿಯೆಂಬುದು ವಿಚಾರಕ್ಕೆ ನಿಲ್ಲದ ಮಾತು.

ಅಮೇರಿಕೆಯ ಪ್ಯಾಟ್ರಿಶಿಯಾ ಬೆನ್ನರ್ ಎಂಬ ವಿದುಷಿಯು ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶುಶ್ರೂಷಕಿಯ ಬೆಳವಣಿಗೆಗೆ ಐದು ಅವಸ್ಥೆಗಳನ್ನು ಹೇಳಿರುವರು: ನಿಯಮವನ್ನು ಬಾಯಿಪಾಠ ಮಾಡಿ ನಡೆಯುವ ಹೊಸಬಳಿಂದ ಹಿಡಿದು, ನಿಯಮವನ್ನು ನೆನೆಯದೆಯೇ ಸಂದರ್ಭವನ್ನು ಸಮಗ್ರವಾಗಿ ಕಾಣುವ ಪರಿಣತಳ ವರೆಗೆ. ಈ ಅವಸ್ಥೆಗಳು ಹುದ್ದೆಗಳಲ್ಲ. ಒಂದೇ ಹಾಸಿಗೆಯ ಬದಿಯಲ್ಲಿ ನಿಂತು ಏರತಕ್ಕವು. ಪಶ್ಚಿಮದ ಕೆಲವು ಆಸ್ಪತ್ರೆಗಳು ಇದನ್ನೇ ಆಧಾರವಾಗಿಟ್ಟುಕೊಂಡು, ರೋಗಿಯನ್ನು ಬಿಡದೆಯೇ ದರ್ಜೆಯೂ ಸಂಬಳವೂ ಏರುವ ಏರ್ಪಾಡನ್ನು ಮಾಡಿಕೊಂಡಿವೆ.

ಮಠದ ಭಕ್ತರಿಗೆ ಈ ವಿಚಾರವು ಪರಕೀಯವೆನಿಸಬೇಕಾಗಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಒಂದೊಂದರಲ್ಲಿಯೂ ಮಿಕ್ಕ ಐದು ಅಡಗಿರುವವೆಂದು ಶಾಸ್ತ್ರವು ಹೇಳುವದು. ಐಕ್ಯನಾದವನು ಭಕ್ತಿಯನ್ನು ಕೆಳಗಿನ ಮೆಟ್ಟಲಲ್ಲಿ ಬಿಟ್ಟು ಬಂದವನಲ್ಲ. ಅವನ ಭಕ್ತಿಯೇ ಪಕ್ವವಾಗಿ ಸಮರಸಭಕ್ತಿಯಾಗಿರುವದು. ಐದನ್ನೂ ಆರನ್ನೂ ಒಂದಕ್ಕೊಂದು ತಾಳೆ ಹಾಕುವದು ಹುಡುಗಾಟವಾದೀತು. ಅದರ ಅಗತ್ಯವೂ ಇಲ್ಲ. ಆದರೆ ಏರುವದೆಂದರೆ ಮೊದಲಿನದನ್ನು ತೊರೆಯುವದಲ್ಲವೆಂಬ ತತ್ತ್ವವು ಎರಡರಲ್ಲಿಯೂ ಒಂದೇ. ಆಸ್ಪತ್ರೆಗಳು ಈ ತತ್ತ್ವವನ್ನು ಮರೆತು ಕಚೇರಿಯ ಏಣಿಯನ್ನು ತಂದು ವಾರ್ಡಿನಲ್ಲಿ ನಿಲ್ಲಿಸಿರುವವು.

ಭಾರತದಲ್ಲಿಯೂ ಬೇರೆ ದಾರಿಯೊಂದನ್ನು ತೆಗೆಯುವ ಯತ್ನಗಳು ನಡೆದಿವೆ. ಪದವಿ ಪಡೆದು ತೀವ್ರ ನಿಗಾ ಘಟಕದಲ್ಲಿ ಒಂದು ವರ್ಷವಾದರೂ ಕೆಲಸಮಾಡಿದವರಿಗೆ ನರ್ಸ್ ಪ್ರಾಕ್ಟಿಶನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವು ಏರ್ಪಟ್ಟಿದೆ. ಓದಿನ ಬಹುಭಾಗವು ರೋಗಿಯ ಬಳಿಯಲ್ಲಿಯೇ ನಡೆಯುವದು. ೨೦೧೮ರಲ್ಲಿ ಕೇಂದ್ರ ಸರಕಾರವು ಪ್ರಸೂತಿಶುಶ್ರೂಷೆಗಾಗಿ ಹೊರಡಿಸಿದ ಮಾರ್ಗದರ್ಶನದಂತೆ ಹದಿನೆಂಟು ತಿಂಗಳ ತರಬೇತಾದ ಶುಶ್ರೂಷಕಿಯರು ತೊಡಕಿಲ್ಲದ ಹೆರಿಗೆಗಳನ್ನು ತಾವೇ ನೋಡಿಕೊಳ್ಳತಕ್ಕದ್ದೆಂದಿದೆ. ಯೋಜನೆಗಳು ಉತ್ತಮವಾದವು. ಆದರೆ ಅಂಥ ಶಿಕ್ಷಣ ಪಡೆದು ಬಂದವಳಿಗೆ ತಕ್ಕ ಹುದ್ದೆಯೇ ಇಲ್ಲದ ಆಸ್ಪತ್ರೆಗಳು ಬಹಳ. ಓದಿ ಬಂದವಳು ಮತ್ತೆ ಹಳೆಯ ಪಾಳಿಯ ಪಟ್ಟಿಗೇ ಸೇರಬೇಕಾಗುವದು.

ಇನ್ನು ಸಂಬಳದ ಮಾತು. ಸರಕಾರದ ಆಸ್ಪತ್ರೆಯಲ್ಲಿ ಖಾಯಂ ಆದವರಿಗೆ ತಕ್ಕ ಸಂಬಳವಿದೆ; ತೊಂದರೆಯಿರುವದು ಖಾಸಗಿಯವುಗಳಲ್ಲಿ. ತರಬೇತಾದ ದಾದಿಯರ ಸಂಘವು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ೨೦೧೬ರಲ್ಲಿ ಆಜ್ಞೆಮಾಡಿದ ಮೇಲೆ ಕೇಂದ್ರ ಸರಕಾರವು ಒಂದು ಸಮಿತಿಯನ್ನು ನೇಮಿಸಿತು. ಇನ್ನೂರಕ್ಕೆ ಮಿಕ್ಕಿ ಹಾಸಿಗೆಗಳುಳ್ಳ ಆಸ್ಪತ್ರೆಯು ಸರಕಾರದ ದಾದಿಗೆ ಸಮನಾದ ಸಂಬಳವನ್ನು ಕೊಡಬೇಕು; ನೂರರಿಂದ ಇನ್ನೂರರ ವರೆಗಿನದು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಿಮೆ ಮಾಡಕೂಡದು; ಐವತ್ತರಿಂದ ನೂರರ ವರೆಗಿನದು ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಕಡಿಮೆ ಮಾಡಕೂಡದು; ಎಷ್ಟೇ ಚಿಕ್ಕದಾದರೂ ತಿಂಗಳಿಗೆ ೨೦,೦೦೦ ರೂಪಾಯಿಗಿಂತ ಇಳಿಯಕೂಡದು ಎಂದು ಆ ಸಮಿತಿಯು ಸೂಚಿಸಿತು. ಸೂಚನೆಯನ್ನು ಕಟ್ಟಳೆಯಾಗಿಸುವ ಭಾರವು ರಾಜ್ಯಗಳ ಮೇಲೆ ಬಿದ್ದಿತು. ಅದಕ್ಕಿಂತ ಬಹಳ ಕಡಿಮೆಗೆ ದುಡಿಸಿಕೊಂಡು, ಮೇಲಾಗಿ ಹುಡುಗಿಯ ಮೂಲ ಪ್ರಮಾಣಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಿಡದಿರುವ ಮಾಲಿಕರಿದ್ದಾರೆಂಬುದು ಗುಟ್ಟಿನ ಮಾತಲ್ಲ.

ಕಡಿಮೆ ಸಂಬಳ ಕೊಡುವವರು ಆಡುವ ಮಾತೊಂದುಂಟು: “ಇದು ಸೇವೆ, ಇದರಲ್ಲಿ ಹಣವನ್ನು ನೋಡಬಾರದು.” ಧಾರ್ಮಿಕ ಸಂಸ್ಥೆಗಳ ಬಾಯಲ್ಲಿ ಇದೇ ಮಾತು “ಇದು ಕಾಯಕ” ಎಂದಾಗುವದು. ಪಾಠಶಾಲೆಗಳಲ್ಲಿ ಶರಣರ ಚರಿತ್ರೆಯನ್ನು ಓದಿದವರು ಇದನ್ನು ಸುಮ್ಮನೆ ಕೇಳಿಕೊಂಡಿರುವದು ತರವಲ್ಲ. ಕಾಯಕವೆಂದರೆ ಬಿಟ್ಟಿ ದುಡಿತವಲ್ಲ. ಕಾಯಕದಿಂದ ಬಂದ ಪ್ರತಿಫಲದಿಂದಲೇ ದಾಸೋಹ. ಪ್ರತಿಫಲವೇ ಇಲ್ಲದಿದ್ದರೆ ದಾಸೋಹವೆಲ್ಲಿಂದ ಬಂದೀತು? ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಮರಳಿ ಚೆಲ್ಲಿಬರಲು ಕಳಿಸಿದಳೆಂಬ ಕಥೆಯನ್ನು ಪುರಾಣಿಕರು ಹೇಳುವರು. ಆಶೆ ಬೇಡವೆಂಬ ಪಾಠಕ್ಕಾಗಿ ಅದನ್ನು ದುಡಿಯುವವರ ಮುಂದೆಯೇ ಹೆಚ್ಚಾಗಿ ಹೇಳುವದು ರೂಢಿಯಾಗಿದೆ. ದುಡಿಸಿಕೊಳ್ಳುವವರ ಮುಂದೆಯೂ ಅದನ್ನು ಹೇಳಬೇಕು. ಸಲ್ಲತಕ್ಕದ್ದಕ್ಕಿಂತ ಒಂದು ಹಿಡಿ ಹೆಚ್ಚು ತೆಗೆದುಕೊಳ್ಳುವದು ತಪ್ಪಾದರೆ, ಸಲ್ಲತಕ್ಕದ್ದರಲ್ಲಿ ಒಂದು ಹಿಡಿ ಉಳಿಸಿಕೊಳ್ಳುವದೂ ತಪ್ಪೇ. ಲಕ್ಕಮ್ಮನ ಅಳತೆಯು ಎರಡು ಕಡೆಗೂ ಒಂದೇ.

ಸಂಬಳದಷ್ಟೇ ದೊಡ್ಡ ಪ್ರಶ್ನೆಯು ಸಂಖ್ಯೆಯದು. ಬೋಧನೆಯ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೊಬ್ಬಳು, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೊಬ್ಬಳು, ಉಸಿರಾಟದ ಯಂತ್ರದ ಮೇಲಿರುವ ರೋಗಿಗೆ ಒಬ್ಬರಿಗೊಬ್ಬಳಂತೆ ದಾದಿ ಇರಬೇಕೆಂದು ನರ್ಸಿಂಗ್ ಕೌನ್ಸಿಲಿನ ಪ್ರಮಾಣವಿದೆ. ರಾತ್ರಿಯ ಪಾಳಿಯಲ್ಲಿ ಒಂದು ಸಾಮಾನ್ಯ ವಾರ್ಡಿನೊಳಗೆ ಹೊಕ್ಕು ಹಾಸಿಗೆಗಳನ್ನೂ ದಾದಿಯರನ್ನೂ ಎಣಿಸಿದರೆ ಈ ಪ್ರಮಾಣವು ಎಷ್ಟರಮಟ್ಟಿಗೆ ನಡೆದಿದೆಯೆಂಬುದು ಯಾರಿಗಾದರೂ ತಿಳಿದೀತು. ನೈಟಿಂಗೇಲರು ಹುಟ್ಟಿ ಇನ್ನೂರು ವರ್ಷಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ನೆಯ ವರ್ಷವನ್ನು ದಾದಿಯರ ವರ್ಷವೆಂದು ಸಾರಿತು. ಅದೇ ವರ್ಷವೇ ಕೊರೋನಾ ಮಾರಿಯು ಬಂದಿತು. ಜನರು ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು. ಅದೇ ಕಾಲಕ್ಕೆ ವಾರ್ಡಿನಿಂದ ಬಂದ ದಾದಿಗೆ ಬಾಡಿಗೆಯ ಮನೆ ಖಾಲಿಮಾಡೆಂದವರೂ ಇದ್ದರು. ಪಂಚಸೂತಕದ ಮಾತು ಇಲ್ಲಿಗೂ ಅನ್ವಯಿಸುವದು.

ಈಗ ಭಕ್ತರು ಮಾಡತಕ್ಕದ್ದೇನೆಂಬುದು. ಹೆಣ್ಣುಮಗಳನ್ನು ಈ ವಿದ್ಯೆಗೆ ಕಳಿಸುವ ಮನೆಯವರು ಕಟ್ಟಡದ ಅಂದವನ್ನು ನೋಡಿ ಮರುಳಾಗದೆ, ಆ ಶಾಲೆಗೆ ಕೌನ್ಸಿಲಿನ ಮಾನ್ಯತೆಯಿದೆಯೇ, ಪದವಿಯಾದರೆ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೋ ಇನ್ನಾವದಾದರೂ ಮಾನ್ಯ ವಿಶ್ವವಿದ್ಯಾಲಯದ್ದೋ ಸಂಬಂಧವಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಕಲಿಯಲು ರೋಗಿಗಳಿರುವ ಆಸ್ಪತ್ರೆಯಿದೆಯೇ ಎಂದು ವಿಚಾರಿಸಬೇಕು. ರೋಗಿಗಳಿಲ್ಲದ ಶಾಲೆಯಲ್ಲಿ ಕಲಿತ ಶುಶ್ರೂಷೆಯು ನೀರಿಲ್ಲದ ಬಾವಿಯಲ್ಲಿ ಕಲಿತ ಈಜಿನಂತೆ. ಹನ್ನೆರಡನೆಯ ಇಯತ್ತೆಯಲ್ಲಿ ಜೀವಶಾಸ್ತ್ರವನ್ನು ಬಿಟ್ಟವಳಿಗೆ ನೇರವಾಗಿ ಪದವಿಗೆ ಸೇರುವ ದಾರಿ ಕಟ್ಟಾಗುವದಾದ್ದರಿಂದ ಹತ್ತನೆಯ ಇಯತ್ತೆಯ ಹೊತ್ತಿಗೇ ಯೋಚನೆ ಮಾಡತಕ್ಕದ್ದು. ಪ್ರವೇಶಪರೀಕ್ಷೆಯ ನಿಯಮಗಳನ್ನು ಆಯಾ ವರ್ಷವೇ ಕೇಳಿ ತಿಳಿದುಕೊಳ್ಳಬೇಕು. ಶಿಕ್ಷಣ ಮುಗಿದೊಡನೆ ರಾಜ್ಯದ ಕೌನ್ಸಿಲಿನಲ್ಲಿ ಹೆಸರು ನೋಂದಿಸಬೇಕು. ನೋಂದಣಿಯಿಲ್ಲದವಳಿಗೆ ಮೇಲಿನ ಯಾವ ಮೆಟ್ಟಲೂ ಇಲ್ಲ. ಮೂಲ ಕಾಗದಗಳನ್ನು ಯಾರ ವಶಕ್ಕೂ ಕೊಡಬಾರದು.

ಮಠಗಳ ಹೊಣೆಯು ಇದಕ್ಕೂ ಹಿರಿದು. ವೀರಶೈವ ಲಿಂಗಾಯತ ಸಮಾಜವು ವಿದ್ಯೆಗಾಗಿ ಕಟ್ಟಿದ ಸಂಸ್ಥೆಗಳು ಆಸ್ಪತ್ರೆಗಳನ್ನೂ ನರ್ಸಿಂಗ್ ಕಾಲೇಜುಗಳನ್ನೂ ನಡೆಸುತ್ತಿರುವವು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ, ೧೯೦೬ರಲ್ಲಿ ಮೊದಲಾದ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, ೧೯೫೪ರ ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ ಇವು ಎಲ್ಲರಿಗೂ ಗೊತ್ತಿರುವವು. ಬಾಗಲಕೋಟೆಯ ಆಸ್ಪತ್ರೆಯು ಹಾನಗಲ್ಲ ಕುಮಾರೇಶ್ವರರ ಹೆಸರನ್ನೇ ಹೊತ್ತಿದೆ. ಚಿಕ್ಕ ಮಠಗಳೂ ಹತ್ತಿಪ್ಪತ್ತು ಹಾಸಿಗೆಗಳ ದವಾಖಾನೆಗಳನ್ನು ತೆರೆಯಲು ಹವಣಿಸುತ್ತಿರುವವು. ಇಂಥ ಆಸ್ಪತ್ರೆಗಳು ಹೊಸ ಏಣಿಯನ್ನು ನಿಲ್ಲಿಸಲು ಸರಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಹತ್ತು ವರ್ಷ ವಾರ್ಡಿನಲ್ಲಿದ್ದು ಪರಿಣತಳಾದವಳನ್ನು, ಹಾಸಿಗೆಯ ಬದಿಯಲ್ಲಿಯೇ ಉಳಿಸಿಕೊಂಡು, ಉಪ ಅಧೀಕ್ಷಕಿಯಷ್ಟೇ ಸಂಬಳದ ಒಂದು ದರ್ಜೆಗೆ ಏರಿಸಬಹುದು. ಹೊಸದಾಗಿ ಬಂದ ಹುಡುಗಿಯರಿಗೆ ಕೈಹಿಡಿದು ಕಲಿಸುವದನ್ನು ಅವಳ ಕರ್ತವ್ಯದಲ್ಲಿ ಸೇರಿಸಿ, ಆ ಹೊತ್ತನ್ನು ಪಾಳಿಯ ಲೆಕ್ಕದಲ್ಲಿಯೇ ಹಿಡಿಯಬಹುದು. ಡಿಪ್ಲೊಮಾ ಆದವಳಿಗೆ ಪದವಿಯನ್ನೋದಲು ಎರಡು ವರ್ಷ ಅರ್ಧಸಂಬಳದ ರಜೆಯನ್ನು ಕೊಟ್ಟು, ಮರಳಿ ಬಂದಾಗ ಅವಳ ಹಿಂದಿನ ಸೇವಾವಧಿಯು ಕಡಿಯದಂತೆ ನೋಡಿಕೊಳ್ಳಬಹುದು. ಆಸ್ಪತ್ರೆಯ ಆಡಳಿತ ಮಂಡಲಿಯಲ್ಲಿ ವೈದ್ಯರೂ ದಾನಿಗಳೂ ವಕೀಲರೂ ಕೂರುವರು. ಶುಶ್ರೂಷೆಯವರು ಕೂರುವದು ಕಾಣುವದಿಲ್ಲ. ಮಹೋತ್ಸವದ ನೆನಪಿಗೆಂದು ಭಕ್ತರು ಶಿಲೆಯನ್ನೋ ಕಮಾನನ್ನೋ ನಿಲ್ಲಿಸುವ ಮೊದಲು ಆ ಮಂಡಲಿಯಲ್ಲಿ ಒಂದು ಕುರ್ಚಿಯನ್ನು ಹೆಚ್ಚಿಗೆ ಹಾಕಿಸಿ, ಹಿರಿಯ ದಾದಿಯೊಬ್ಬಳನ್ನು ಅದರಲ್ಲಿ ಕೂರಿಸಲಿ. ಅದಕ್ಕೆ ಖರ್ಚೂ ಇಲ್ಲ.